ಡಾ. ಯಲ್ಲಾಪ್ರಗಡ ಸುಬ್ಬರಾವ್: ಫೋಲಿಕ್ ಆಮ್ಲದ ಮಾತ್ರೆಯಿಂದ ಗರ್ಭಕೋಶದ ಕ್ಯಾನ್ಸರ್ ಔಷಧದವರೆಗೆ

ಚಿಕ್ಕಮಗಳೂರು ಜಿಲ್ಲೆಯ ಮೂಡಿಗೆರೆ, ಕಳಸ ಭಾಗದ ಕಾಫಿ ತೋಟಗಳಲ್ಲಿ ದುಡಿಯುವ ಗರ್ಭಿಣಿಯರಿಗೆ ಆಶಾ ಕಾರ್ಯಕರ್ತೆಯರು ತಲುಪಿಸುವ ಕೆಂಪು ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣಾಂಶ ಮತ್ತು 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಇರುತ್ತದೆ. ರಕ್ತಹೀನತೆಯನ್ನು ತಡೆಯುವ ಈ ಮಾತ್ರೆಯನ್ನು ಅರಿಯದ ತಾಯಂದಿರು ಇಂದು ವಿರಳ. ಆದರೆ ಅದೇ ಫೋಲಿಕ್ ಆಮ್ಲದ ಕಾರ್ಯವನ್ನು ತಡೆಹಿಡಿಯುವ ಮತ್ತೊಂದು ಔಷಧವಿದೆ. ಅದರ ಹೆಸರು ಮೆಥೋಟ್ರೆಕ್ಸೇಟ್. ಗರ್ಭಧಾರಣೆಯ ನಂತರ ಅಪರೂಪವಾಗಿ ತಲೆದೋರುವ, ಬಹು ವೇಗವಾಗಿ ಹರಡುವ ಕೋರಿಯೋಕಾರ್ಸಿನೋಮಾ ಎಂಬ ಗರ್ಭಕೋಶದ ಕ್ಯಾನ್ಸರನ್ನು ಮೊಟ್ಟಮೊದಲು ಗುಣಪಡಿಸಿದ ಔಷಧವಿದು. ಪೋಷಿಸುವ ಮಾತ್ರೆ ಮತ್ತು ಆ ಪೋಷಣೆಯನ್ನು ನಿಲ್ಲಿಸುವ ಮದ್ದು ಎರಡೂ ಸಿದ್ಧವಾದದ್ದು ಒಂದೇ ಪ್ರಯೋಗಾಲಯದಲ್ಲಿ. ಅದರ ಸಂಶೋಧನಾ ನಿರ್ದೇಶಕರಾಗಿದ್ದವರು ಭಾರತೀಯರಾದ ಡಾ. ಯಲ್ಲಾಪ್ರಗಡ ಸುಬ್ಬರಾವ್. ಅವರ ಜೀವನ ಮತ್ತು ಸಾಧನೆಯನ್ನು ಸಾರ್ವಜನಿಕರ ಮಾಹಿತಿಗಾಗಿ ಇಲ್ಲಿ ನೀಡಲಾಗಿದೆ.

ಜನನ ಮತ್ತು ವಿದ್ಯಾಭ್ಯಾಸ

ಸುಬ್ಬರಾವ್ ಅವರು 1895ರ ಜನವರಿ 12ರಂದು ಅಂದಿನ ಮದರಾಸು ಪ್ರಾಂತಕ್ಕೆ ಸೇರಿದ್ದ ಭೀಮಾವರಂನಲ್ಲಿ ಜನಿಸಿದರು. ತಂದೆ ಜಗನ್ನಾಥಂ, ತಾಯಿ ವೆಂಕಮ್ಮ. ಕುಟುಂಬ ದೊಡ್ಡದು, ವರಮಾನ ಅಲ್ಪ. ಬಾಲಕ ಸುಬ್ಬರಾವ್ ಶಾಲೆಯಲ್ಲಿ ಮುಂದಿದ್ದವರಲ್ಲ. ಹದಿಮೂರರ ವಯಸ್ಸಿನಲ್ಲಿ ಯಾತ್ರಿಕರಿಗೆ ಬಾಳೆಹಣ್ಣು ಮಾರಿ ಹಣ ಸಂಪಾದಿಸುವ ಆಸೆಯಿಂದ ಕಾಶಿಗೆ ಹೊರಟಿದ್ದರೆಂದೂ, ತಾಯಿ ಅವರನ್ನು ಹಿಂದಕ್ಕೆ ಕರೆಸಿ ಮತ್ತೆ ಶಾಲೆಗೆ ಸೇರಿಸಿದರೆಂದೂ ಅವರ ಜೀವನ ಚರಿತ್ರೆಗಳು ತಿಳಿಸುತ್ತವೆ. ಮೆಟ್ರಿಕ್ಯುಲೇಷನ್ ಪರೀಕ್ಷೆಯಲ್ಲಿ ಎರಡು ಬಾರಿ ಅನುತ್ತೀರ್ಣರಾಗಿ, ಮದರಾಸಿನ ಹಿಂದೂ ಪ್ರೌಢಶಾಲೆಯಿಂದ ಮೂರನೆಯ ಬಾರಿಗೆ ತೇರ್ಗಡೆ ಹೊಂದಿದರು. ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಇಂಟರ್‌ಮೀಡಿಯೆಟ್ ಮುಗಿಸಿದ ಬಳಿಕ ರಾಮಕೃಷ್ಣ ಆಶ್ರಮಕ್ಕೆ ಸೇರಿ ಸನ್ಯಾಸ ಸ್ವೀಕರಿಸುವ ಇಚ್ಛೆ ಅವರಿಗಿತ್ತು. ತಾಯಿ ಒಪ್ಪಲಿಲ್ಲ. ಕೊನೆಗೆ ವೈದ್ಯಕೀಯ ಶಿಕ್ಷಣವನ್ನು ಆಯ್ದುಕೊಂಡು ಮದರಾಸು ವೈದ್ಯಕೀಯ ಕಾಲೇಜಿಗೆ ಸೇರಿದರು.

ಕಾಲೇಜಿನ ವೆಚ್ಚವನ್ನು ಸ್ನೇಹಿತರೂ, ಮುಂದೆ ಅವರ ಮಾವನವರಾದ ಕಸ್ತೂರಿ ಸೂರ್ಯನಾರಾಯಣಮೂರ್ತಿಯವರೂ ಭರಿಸಿದರು. ಸುಬ್ಬರಾವ್ ಅವರ ವಿವಾಹ 1919ರಲ್ಲಿ ಶೇಷಗಿರಿಯವರೊಂದಿಗೆ ನೆರವೇರಿತು. ಗಾಂಧೀಜಿಯವರ ಕರೆಗೆ ಓಗೊಟ್ಟು ಅವರು ಖಾದಿ ಬಟ್ಟೆಯ ಶಸ್ತ್ರಚಿಕಿತ್ಸಾ ನಿಲುವಂಗಿಯನ್ನು ಧರಿಸತೊಡಗಿದರು. ಇದು ಶಸ್ತ್ರಚಿಕಿತ್ಸಾ ವಿಭಾಗದ ಆಂಗ್ಲ ಪ್ರಾಧ್ಯಾಪಕರಿಗೆ ಹಿಡಿಸಲಿಲ್ಲ. ಉಳಿದ ವಿಷಯಗಳಲ್ಲಿ ಉತ್ತಮವಾಗಿ ಉತ್ತರಿಸಿದ್ದರೂ ಅವರಿಗೆ ದೊರೆತದ್ದು ಎಂ.ಬಿ.ಬಿ.ಎಸ್. ಪದವಿಯಲ್ಲ, ಅದಕ್ಕಿಂತ ಕೆಳಗಿನ ಎಲ್.ಎಂ.ಎಸ್. ಪ್ರಮಾಣಪತ್ರ. ಮದರಾಸು ವೈದ್ಯಕೀಯ ಸೇವೆಯಲ್ಲಿ ಹುದ್ದೆಯೂ ಸಿಗಲಿಲ್ಲ. ಡಾ. ಲಕ್ಷ್ಮೀಪತಿಯವರ ಆಯುರ್ವೇದ ಕಾಲೇಜಿನಲ್ಲಿ ಅಂಗರಚನಾ ಶಾಸ್ತ್ರದ ಉಪನ್ಯಾಸಕರಾಗಿ ಕೆಲಸಕ್ಕೆ ಸೇರಿದರು.

ಅವರ ಬದುಕಿನ ದಿಕ್ಕನ್ನು ನಿರ್ಧರಿಸಿದ್ದು ಪರೀಕ್ಷೆಯ ಫಲಿತಾಂಶವಲ್ಲ, ಮನೆಯಲ್ಲಿ ಸಂಭವಿಸಿದ ಸಾವುಗಳು. ಸ್ಪ್ರೂ ಎಂಬ ಉಷ್ಣವಲಯದ ಕರುಳಿನ ರೋಗಕ್ಕೆ ಅವರ ಇಬ್ಬರು ಸಹೋದರರು ಅಲ್ಪ ಕಾಲದ ಅಂತರದಲ್ಲಿ ಬಲಿಯಾದರು. ಸುಬ್ಬರಾವ್ ಅವರಿಗೂ ಅದೇ ರೋಗ ತಗುಲಿತ್ತು. ಲಕ್ಷ್ಮೀಪತಿಯವರ ಆಯುರ್ವೇದ ಚಿಕಿತ್ಸೆಯಿಂದ ಅವರು ಬದುಕುಳಿದರು. ಈ ರೋಗದಲ್ಲಿ ಕರುಳು ಆಹಾರದ ಸತ್ವವನ್ನು ಹೀರಿಕೊಳ್ಳುವುದಿಲ್ಲ. ರೋಗಿ ಕೃಶನಾಗುತ್ತಾನೆ, ರಕ್ತ ಕ್ಷೀಣಿಸುತ್ತದೆ. ದೇಹಕ್ಕೆ ದೊರಕದೆ ಹೋಗುವ ಆ ಸತ್ವ ಯಾವುದೆಂಬುದು ಅಂದು ಯಾರಿಗೂ ತಿಳಿದಿರಲಿಲ್ಲ.

ಅಮೆರಿಕದಲ್ಲಿ ಸಂಶೋಧನೆ

1922ರ ಅಕ್ಟೋಬರ್‌ನಲ್ಲಿ ಅವರು ಬಾಸ್ಟನ್ ನಗರ ತಲುಪಿ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಉಷ್ಣವಲಯದ ವೈದ್ಯಶಾಸ್ತ್ರದ ಡಿಪ್ಲೊಮಾ ತರಗತಿಗೆ ಸೇರಿದರು. ಜೀವನ ನಿರ್ವಹಣೆಗಾಗಿ ಆಸ್ಪತ್ರೆಯೊಂದರಲ್ಲಿ ರಾತ್ರಿ ಪಾಳಿಯ ಪರಿಚಾರಕರಾಗಿ ದುಡಿದರು. ಅವರು ಹೊರಡುವಾಗ ಪತ್ನಿ ಗರ್ಭಿಣಿಯಾಗಿದ್ದರು. ಹುಟ್ಟಿದ ಗಂಡುಮಗು ಶೈಶವದಲ್ಲಿಯೇ ತೀರಿಕೊಂಡಿತು. ಕೆಲವೇ ವರ್ಷಗಳಲ್ಲಿ ಹಿಂದಿರುಗುವುದಾಗಿ ಹೊರಟ ಸುಬ್ಬರಾವ್ ಮತ್ತೆ ಸ್ವದೇಶಕ್ಕೆ ಮರಳಲೇ ಇಲ್ಲ. ಅವರ ಸಾಧನೆಗಳನ್ನು ಪಟ್ಟಿ ಮಾಡುವಾಗ ಈ ವೆಚ್ಚವನ್ನೂ ಲೆಕ್ಕಕ್ಕೆ ಹಿಡಿಯುವುದು ನ್ಯಾಯ.

ಹಾರ್ವರ್ಡ್‌ನಲ್ಲಿ ಸೈರಸ್ ಫಿಸ್ಕ್ ಅವರೊಡಗೂಡಿ ರಕ್ತ ಮತ್ತು ಮೂತ್ರದಲ್ಲಿರುವ ರಂಜಕದ ಪ್ರಮಾಣವನ್ನು ಬಣ್ಣದ ಗಾಢತೆಯಿಂದ ಅಳೆಯುವ ವಿಧಾನವನ್ನು ರೂಪಿಸಿ 1925ರಲ್ಲಿ ಪ್ರಕಟಿಸಿದರು. ಫಿಸ್ಕ್–ಸುಬ್ಬರಾವ್ ವಿಧಾನವೆಂದೇ ಅದು ಪ್ರಸಿದ್ಧವಾಗಿ ಅನೇಕ ದಶಕಗಳ ಕಾಲ ಪ್ರಯೋಗಾಲಯಗಳಲ್ಲಿ ಬಳಕೆಯಲ್ಲಿತ್ತು. 1927ರಲ್ಲಿ ಸ್ನಾಯುಗಳಲ್ಲಿರುವ ಫಾಸ್ಫೋಕ್ರಿಯಾಟಿನ್, 1929ರಲ್ಲಿ ಎಟಿಪಿ ಎಂಬ ಸಂಯುಕ್ತದ ವಿವರಗಳನ್ನು ಈ ಜೋಡಿ ಪ್ರಕಟಿಸಿತು. ಎಟಿಪಿಯನ್ನು ಅದೇ ವರ್ಷ ಜರ್ಮನಿಯ ಕಾರ್ಲ್ ಲೋಮನ್ ಅವರೂ ಸ್ವತಂತ್ರವಾಗಿ ಗುರುತಿಸಿದ್ದರು. ಜೀವಕೋಶದ ವ್ಯವಹಾರದಲ್ಲಿ ಎಟಿಪಿಯು ಕೈಯಲ್ಲಿರುವ ನಗದಿನಂತೆ, ಫಾಸ್ಫೋಕ್ರಿಯಾಟಿನ್ ತುರ್ತಿಗೆಂದು ಕಾದಿರಿಸಿದ ಇಡುಗಂಟಿನಂತೆ ಎಂದರೆ ಸಾಮಾನ್ಯ ಓದುಗರಿಗೆ ಸುಲಭವಾಗಿ ಅರ್ಥವಾದೀತು. 1930ರಲ್ಲಿ ಅವರಿಗೆ ಪಿಎಚ್.ಡಿ. ಪದವಿ ದೊರೆಯಿತು. ಆದರೆ ಖಾಯಂ ಪ್ರಾಧ್ಯಾಪಕ ಹುದ್ದೆಯನ್ನು ಹಾರ್ವರ್ಡ್ ಅವರಿಗೆ ನೀಡಲಿಲ್ಲ. 1940ರಲ್ಲಿ ಅವರು ನ್ಯೂಯಾರ್ಕ್ ರಾಜ್ಯದ ಪರ್ಲ್ ರಿವರ್‌ನಲ್ಲಿದ್ದ ಲೆಡರ್ಲೆ ಔಷಧ ಕಂಪನಿಗೆ ಸೇರಿ, ಕೆಲಕಾಲದಲ್ಲಿಯೇ ಅಲ್ಲಿನ ಸಂಶೋಧನಾ ನಿರ್ದೇಶಕರಾದರು.

ಫೋಲಿಕ್ ಆಮ್ಲ

ಫೋಲಿಕ್ ಆಮ್ಲದ ಕಥೆಯ ಮೊದಲ ಅಧ್ಯಾಯ ನಡೆದದ್ದು ಭಾರತದಲ್ಲಿ. 1928ರಿಂದ ಮುಂಬಯಿಯಲ್ಲಿ ಕೆಲಸ ಮಾಡಿದ ಆಂಗ್ಲ ವೈದ್ಯೆ ಲೂಸಿ ವಿಲ್ಸ್, ಬಟ್ಟೆ ಗಿರಣಿಗಳ ಗರ್ಭಿಣಿ ಕಾರ್ಮಿಕರಲ್ಲಿ ಕಂಡುಬರುತ್ತಿದ್ದ ತೀವ್ರ ರಕ್ತಹೀನತೆಯು ಯೀಸ್ಟ್ ಸಾರದಿಂದ ವಾಸಿಯಾಗುವುದನ್ನು ತೋರಿಸಿ 1931ರಲ್ಲಿ ವರದಿ ಮಾಡಿದರು. ಆ ಸಾರದಲ್ಲಿದ್ದ ವಸ್ತು ಯಾವುದೆಂದು ತಿಳಿಯಲು ಮತ್ತೂ ಹಲವು ವರ್ಷ ಬೇಕಾಯಿತು. 1941ರಲ್ಲಿ ಪಾಲಕ್ ಸೊಪ್ಪಿನಿಂದ ಅದನ್ನು ಬೇರ್ಪಡಿಸಿದ ವಿಜ್ಞಾನಿಗಳು ಎಲೆ ಎಂಬ ಅರ್ಥದ ಲ್ಯಾಟಿನ್ ಪದದಿಂದ ಫೋಲಿಕ್ ಆಮ್ಲವೆಂದು ಹೆಸರಿಟ್ಟರು. ಆದರೆ ರೋಗಿಗಳಿಗೆ ಕೊಡಲು ಬೇಕಾಗುವಷ್ಟನ್ನು ಸೊಪ್ಪಿನಿಂದ ತೆಗೆಯುವುದು ಸಾಧ್ಯವಿರಲಿಲ್ಲ. ಸುಬ್ಬರಾವ್ ಅವರ ನೇತೃತ್ವದ ತಂಡವು 1945ರಲ್ಲಿ ಅದನ್ನು ಕೃತಕವಾಗಿ ತಯಾರಿಸಿ, ಅದರ ರಚನೆಯನ್ನೂ ಪ್ರಕಟಿಸಿತು. ಅನತಿ ಕಾಲದಲ್ಲಿಯೇ ಸ್ಪ್ರೂ ರೋಗಿಗಳ ರಕ್ತಹೀನತೆಗೆ ಫೋಲಿಕ್ ಆಮ್ಲ ಮದ್ದಾಯಿತು. ಸಹೋದರರ ಸಾವಿನಿಂದ ಆರಂಭವಾದ ಹುಡುಕಾಟಕ್ಕೆ ಇಪ್ಪತ್ತಕ್ಕೂ ಹೆಚ್ಚು ವರ್ಷಗಳ ಬಳಿಕ ಉತ್ತರ ದೊರೆತಿತ್ತು.

ಜೀವಕೋಶವು ಒಂದು ಎರಡಾಗುವ ಮುನ್ನ ತನ್ನ ಡಿಎನ್‌ಎಯ ಪ್ರತಿಯೊಂದನ್ನು ತಯಾರಿಸಿಕೊಳ್ಳಬೇಕು. ಈ ಕಾರ್ಯಕ್ಕೆ ಫೋಲಿಕ್ ಆಮ್ಲ ಅತ್ಯವಶ್ಯ. ಆದ್ದರಿಂದಲೇ ಬೆಳೆಯುವ ಭ್ರೂಣಕ್ಕೂ, ರಕ್ತ ಉತ್ಪಾದಿಸುವ ಅಸ್ಥಿಮಜ್ಜೆಗೂ ಅದು ಬೇಕು. ಕ್ಯಾನ್ಸರ್ ಕೋಶಗಳಿಗೂ ಬೇಕು. ಫೋಲಿಕ್ ಆಮ್ಲದಂತೆಯೇ ಕಾಣುವ, ಆದರೆ ಅದರ ಕೆಲಸ ಮಾಡದ ವಸ್ತುವನ್ನು ನೀಡಿದರೆ ಕೋಶವು ಮೋಸಹೋಗಿ ವಿಭಜನೆಯನ್ನು ನಿಲ್ಲಿಸುತ್ತದೆ. ಬೀಗದೊಳಗೆ ಹೊಗುವ, ಆದರೆ ತಿರುಗದೆ ಅಲ್ಲಿಯೇ ಸಿಕ್ಕಿಕೊಳ್ಳುವ ಕಳ್ಳಕೀಲಿಯಂತೆ ಇದರ ವರ್ತನೆ. ಲೆಡರ್ಲೆಯಲ್ಲಿ ತಯಾರಾದ ಅಮೀನಾಪ್ಟೆರಿನ್ ಎಂಬ ಇಂತಹ ವಸ್ತುವನ್ನು ಬಾಸ್ಟನ್ನಿನ ಡಾ. ಸಿಡ್ನಿ ಫಾರ್ಬರ್ ರಕ್ತದ ಕ್ಯಾನ್ಸರಿನಿಂದ ನರಳುತ್ತಿದ್ದ ಮಕ್ಕಳಿಗೆ ನೀಡಿದರು. 16 ಮಕ್ಕಳ ಪೈಕಿ 10 ಮಕ್ಕಳಲ್ಲಿ ರೋಗ ತಾತ್ಕಾಲಿಕವಾಗಿ ಹಿಮ್ಮೆಟ್ಟಿದುದನ್ನು ಅವರು 1948ರಲ್ಲಿ ವರದಿ ಮಾಡಿದರು. ಅದೇ ಬಳಗದಲ್ಲಿ ಸಿದ್ಧವಾದ ಮತ್ತೊಂದು ಸಂಯುಕ್ತವೇ ಮೆಥೋಟ್ರೆಕ್ಸೇಟ್.

ಆನೆಕಾಲು ರೋಗಕ್ಕೆ ನೀಡುವ ಡಿಇಸಿ ಔಷಧ, ಟೆಟ್ರಾಸೈಕ್ಲಿನ್ ಗುಂಪಿನ ಮೊದಲ ಪ್ರತಿಜೀವಕವಾದ ಆರಿಯೋಮೈಸಿನ್ ಇವೂ ಸುಬ್ಬರಾವ್ ಅವರ ನಿರ್ದೇಶನದ ಕಾಲದಲ್ಲಿಯೇ ಲೆಡರ್ಲೆಯಿಂದ ಹೊರಬಂದವು. ಆರಿಯೋಮೈಸಿನ್‌ನ್ನು ಕಂಡುಹಿಡಿದವರು ಬೆಂಜಮಿನ್ ಡಗ್ಗರ್. ಹಗಲಿರುಳೆನ್ನದೆ ದುಡಿದ ಸುಬ್ಬರಾವ್ ಅವರು 1948ರ ಆಗಸ್ಟ್ ತಿಂಗಳಿನಲ್ಲಿ ನಿದ್ರೆಯಲ್ಲಿದ್ದಾಗಲೇ ಹೃದಯಾಘಾತದಿಂದ ನಿಧನರಾದರು. ಆಗ ಅವರಿಗೆ 53 ವರ್ಷ. ಮೆಥೋಟ್ರೆಕ್ಸೇಟ್ ಕ್ಯಾನ್ಸರೊಂದನ್ನು ಸಂಪೂರ್ಣವಾಗಿ ಗುಣಪಡಿಸುವುದನ್ನು ಅವರು ಕಾಣಲಿಲ್ಲ.

ಔಷಧವು ಗರ್ಭಕೋಶದ ಕ್ಯಾನ್ಸರಿಗೆ ತಲುಪಿದ ಬಗೆ

ಕೋರಿಯೋಕಾರ್ಸಿನೋಮಾ ಎಂಬುದು ಮಾಸುವನ್ನು ನಿರ್ಮಿಸುವ ಕೋಶಗಳಿಂದ ಹುಟ್ಟುವ ಕ್ಯಾನ್ಸರ್. ರಕ್ತನಾಳಗಳನ್ನು ಕೊರೆದು ಒಳನುಗ್ಗುವುದು ಆ ಕೋಶಗಳ ಸಹಜ ಗುಣವೇ ಆಗಿರುವುದರಿಂದ ರೋಗವು ಶೀಘ್ರವಾಗಿ ಶ್ವಾಸಕೋಶಕ್ಕೆ, ಕೆಲವೊಮ್ಮೆ ಯಕೃತ್ತು ಮತ್ತು ಮೆದುಳಿಗೆ ಹರಡುತ್ತದೆ. 1950ರ ದಶಕದವರೆಗೆ ಗರ್ಭಕೋಶವನ್ನು ತೆಗೆದುಹಾಕುವುದೇ ಇದಕ್ಕಿದ್ದ ಚಿಕಿತ್ಸೆ. ಹರಡಿದ ಬಳಿಕ ಬಹುತೇಕ ಎಲ್ಲ ಮಹಿಳೆಯರೂ ತಿಂಗಳುಗಳಲ್ಲಿ ಸಾವನ್ನಪ್ಪುತ್ತಿದ್ದರು. ಅವರೆಲ್ಲರೂ ಮಕ್ಕಳನ್ನು ಹೆರುವ ವಯಸ್ಸಿನವರು ಎಂಬುದನ್ನು ನೆನೆದರೆ ಈ ರೋಗದ ಕ್ರೌರ್ಯ ಮನದಟ್ಟಾಗುತ್ತದೆ.

ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ರಾಯ್ ಹರ್ಟ್ಸ್ ಅವರು, ಸ್ತ್ರೀ ಜನನಾಂಗಗಳ ಬೆಳವಣಿಗೆಗೆ ಫೋಲಿಕ್ ಆಮ್ಲ ಅಗತ್ಯವೆಂಬುದನ್ನು ಕೋಳಿಮರಿಗಳ ಮೇಲಿನ ಪ್ರಯೋಗಗಳಲ್ಲಿ ಈ ಮೊದಲೇ ಕಂಡಿದ್ದರು. ಅವರೂ, ಅವರ ಕಿರಿಯ ಸಹೋದ್ಯೋಗಿ ಮಿನ್ ಚ್ಯು ಲೀ ಅವರೂ 1955ರಿಂದ ಕೋರಿಯೋಕಾರ್ಸಿನೋಮಾ ರೋಗಿಗಳಿಗೆ ಮೆಥೋಟ್ರೆಕ್ಸೇಟ್ ನೀಡಲಾರಂಭಿಸಿ, 1956ರಲ್ಲಿ ಮೊದಲ ಫಲಿತಾಂಶವನ್ನು ಪ್ರಕಟಿಸಿದರು. ಶ್ವಾಸಕೋಶದಲ್ಲಿದ್ದ ಗೆಡ್ಡೆಗಳು ಎಕ್ಸ್‌ರೇ ಚಿತ್ರದಿಂದ ಮಾಯವಾಗಿದ್ದವು. ಗಟ್ಟಿ ಗೆಡ್ಡೆಯ ರೂಪದ ಕ್ಯಾನ್ಸರೊಂದು ಹರಡಿದ ಮೇಲೂ ಕೇವಲ ಔಷಧದಿಂದ ಗುಣವಾದುದು ಇದೇ ಮೊದಲು.

ಇಲ್ಲಿ ಒಂದು ಘಟನೆಯನ್ನು ವಿವರವಾಗಿ ಹೇಳುವುದು ಅಗತ್ಯ. ಈ ಕ್ಯಾನ್ಸರ್ ಕೋಶಗಳು ಎಚ್‌ಸಿಜಿ ಎಂಬ ಹಾರ್ಮೋನನ್ನು ಸ್ರವಿಸುತ್ತವೆ. ಗರ್ಭ ನಿಂತಿರುವುದನ್ನು ತಿಳಿಯಲು ಮೂತ್ರ ಪರೀಕ್ಷೆಯಲ್ಲಿ ಹುಡುಕುವುದು ಇದನ್ನೇ. ಗೆಡ್ಡೆಗಳು ಕಣ್ಣಿಗೆ ಕಾಣದಂತಾದ ಮೇಲೂ ಕೆಲವರ ಮೂತ್ರದಲ್ಲಿ ಹಾರ್ಮೋನು ಉಳಿದಿರುವುದನ್ನು ಲೀ ಗಮನಿಸಿದರು. ಖಾತೆ ಮುಗಿದಂತೆ ತೋರಿದರೂ ಶಿಲ್ಕು ಉಳಿದಿದೆ ಎಂದೇ ಇದರ ಅರ್ಥ. ಹಾರ್ಮೋನು ಪೂರ್ಣವಾಗಿ ಇಳಿಯುವವರೆಗೂ ಅವರು ಔಷಧವನ್ನು ಮುಂದುವರಿಸಿದರು. ಗುಣವಾದಂತೆ ಕಾಣುವ ರೋಗಿಗೆ ವಿಷಕಾರಿ ಮದ್ದು ನೀಡುವುದು ಸರಿಯಲ್ಲವೆಂದು ಹಿರಿಯರು ಭಾವಿಸಿದ್ದರಿಂದ ಲೀ ಆ ಸಂಸ್ಥೆಯನ್ನು ಬಿಡಬೇಕಾಯಿತು. ಕಾಲ ಕಳೆದಂತೆ ಫಲಿತಾಂಶವೇ ಉತ್ತರ ಹೇಳಿತು: ಹಾರ್ಮೋನು ಇಳಿಯುವವರೆಗೆ ಚಿಕಿತ್ಸೆ ಪಡೆದವರಲ್ಲಿ ರೋಗ ಮರುಕಳಿಸಲಿಲ್ಲ, ಮೊದಲೇ ನಿಲ್ಲಿಸಿದವರಲ್ಲಿ ಮರುಕಳಿಸಿತು. 1972ರಲ್ಲಿ ಲೀ ಮತ್ತು ಹರ್ಟ್ಸ್ ಅವರಿಗೆ ಲಾಸ್ಕರ್ ಪ್ರಶಸ್ತಿ ಸಂದಿತು. ಅದೇ ವರ್ಷ ಎಚ್‌ಸಿಜಿಯನ್ನು ಇತರ ಹಾರ್ಮೋನುಗಳಿಂದ ಬೇರ್ಪಡಿಸಿ ರಕ್ತದಲ್ಲಿ ನಿಖರವಾಗಿ ಅಳೆಯುವ ಪರೀಕ್ಷೆಯೂ ಬಂದಿತು.

ರೋಗದ ಇರವನ್ನೂ ಗತಿಯನ್ನೂ ಸೂಚಿಸುವ ಇಂತಹ ವಸ್ತುಗಳಿಗೆ ಅಣುಸೂಚಕಗಳೆಂದು ಹೆಸರು. ಅವುಗಳ ಪೈಕಿ ಎಚ್‌ಸಿಜಿಯಷ್ಟು ವಿಶ್ವಾಸಾರ್ಹವಾದವು ಕೆಲವೇ. ಈಗ ರೋಗಿಯ ವಯಸ್ಸು, ಹಿಂದಿನ ಗರ್ಭದ ಸ್ವರೂಪ ಮತ್ತು ಅದರಿಂದೀಚೆಗೆ ಕಳೆದ ಅವಧಿ, ಎಚ್‌ಸಿಜಿ ಪ್ರಮಾಣ, ಗೆಡ್ಡೆಯ ಗಾತ್ರ, ಹರಡಿದ ಸ್ಥಳ ಮುಂತಾದವುಗಳಿಗೆ ಅಂಕ ನೀಡಿ ಒಟ್ಟುಗೂಡಿಸಲಾಗುತ್ತದೆ. 6ರವರೆಗಿನ ಮೊತ್ತ ಕಡಿಮೆ ಅಪಾಯದ್ದು, 7 ಮತ್ತು ಅದಕ್ಕೂ ಮೇಲ್ಪಟ್ಟದ್ದು ಹೆಚ್ಚಿನ ಅಪಾಯದ್ದು. ಮೊದಲ ಗುಂಪಿನವರಿಗೆ ಸಾಮಾನ್ಯವಾಗಿ ಮೆಥೋಟ್ರೆಕ್ಸೇಟ್ ಒಂದರಿಂದಲೇ ಚಿಕಿತ್ಸೆ ಆರಂಭಿಸಲಾಗುತ್ತದೆ. ಅದು ಸಾಲದಿದ್ದವರಿಗೆ ಬೇರೆ ಔಷಧಗಳನ್ನು ನೀಡಿ, ಈ ಗುಂಪಿನ ಹೆಚ್ಚುಕಡಿಮೆ ಎಲ್ಲರನ್ನೂ ಗುಣಪಡಿಸಲಾಗುತ್ತಿದೆ. ಎರಡನೆಯ ಗುಂಪಿನವರಿಗೆ ಮೆಥೋಟ್ರೆಕ್ಸೇಟ್ ಒಳಗೊಂಡ ಹಲವು ಔಷಧಗಳನ್ನು ಕೂಡಿಸಿ ನೀಡಲಾಗುತ್ತದೆ. ಬಹುಪಾಲು ಮಹಿಳೆಯರಲ್ಲಿ ಗರ್ಭಕೋಶವನ್ನು ತೆಗೆಯುವ ಅಗತ್ಯವಿರುವುದಿಲ್ಲ. ಮುಂದೆ ಆರೋಗ್ಯವಂತ ಮಕ್ಕಳನ್ನು ಪಡೆದವರು ಅನೇಕರಿದ್ದಾರೆ.

ಗರ್ಭಕೋಶದ ಒಳಪದರದಲ್ಲಿ ಹೆಚ್ಚಾಗಿ ಮುಟ್ಟು ನಿಂತ ಮೇಲೆ ಕಾಣಿಸಿಕೊಳ್ಳುವ ಕ್ಯಾನ್ಸರ್ ಇದಕ್ಕಿಂತ ಬೇರೆ. ಅಲ್ಲಿಯೂ 2013ರ ಬಳಿಕ ವಂಶವಾಹಿಗಳ ಆಧಾರದ ಮೇಲೆ ರೋಗವನ್ನು ನಾಲ್ಕು ಗುಂಪುಗಳಾಗಿ ವಿಂಗಡಿಸುವ ಕ್ರಮ ಬಂದಿದ್ದು, ಪಿ53 ದೋಷವಿರುವ ಗುಂಪು ಉಗ್ರವೆಂದೂ ಪಿಒಎಲ್ಇ ಬದಲಾವಣೆಯ ಗುಂಪು ಸೌಮ್ಯವೆಂದೂ ತಿಳಿದುಬಂದಿದೆ. ಆದರೆ ವಾರವಾರವೂ ರಕ್ತದಲ್ಲಿ ಅಳೆದು ಚಿಕಿತ್ಸೆಯನ್ನು ನಡೆಸಬಲ್ಲ ಎಚ್‌ಸಿಜಿಯಂತಹ ಸೂಚಕ ಆ ಕ್ಯಾನ್ಸರಿಗೆ ಇಲ್ಲ.

ಮಲೆನಾಡಿನ ಮಹಿಳೆಯರ ಗಮನಕ್ಕೆ

ಕೋರಿಯೋಕಾರ್ಸಿನೋಮಾ ಪ್ರಕರಣಗಳಲ್ಲಿ ಸುಮಾರು ಅರ್ಧದಷ್ಟು ದ್ರಾಕ್ಷಿ ಗೊಂಚಲಿನಂತಹ ಗರ್ಭದ (ಮೋಲಾರ್ ಗರ್ಭ) ನಂತರ ಉಂಟಾಗುತ್ತವೆ. ಉಳಿದವು ಗರ್ಭಪಾತದ ಅಥವಾ ಸಹಜ ಹೆರಿಗೆಯ ನಂತರ ಬರಬಹುದು. ಪೂರ್ಣ ಮೋಲಾರ್ ಗರ್ಭದಲ್ಲಿ ಮಗು ಇರುವುದಿಲ್ಲ. ಮಾಸು ಮಾತ್ರ ನೀರುಗುಳ್ಳೆಗಳಾಗಿ ಬೆಳೆಯುತ್ತದೆ. ತಾಯಿಯ ವರ್ಣತಂತುಗಳಿಲ್ಲದ ಅಂಡದಲ್ಲಿ ತಂದೆಯ ಕಡೆಯ ವರ್ಣತಂತುಗಳಷ್ಟೇ ಸೇರಿರುವುದು ಇದಕ್ಕೆ ಕಾರಣ. ಮಹಿಳೆ ಉಂಡ ಆಹಾರಕ್ಕಾಗಲಿ, ಮಾಡಿದ ತೋಟದ ಕೆಲಸಕ್ಕಾಗಲಿ ಇದರಲ್ಲಿ ಪಾತ್ರವಿಲ್ಲ. ಆಕೆಯನ್ನು ದೂಷಿಸುವುದು ಅನ್ಯಾಯ. ದಿನಗಳಿಗೆ ಮೀರಿ ಹೊಟ್ಟೆ ಬೆಳೆಯುವುದು, ವಿಪರೀತ ವಾಂತಿ, ರಕ್ತಸ್ರಾವ, ಗುಳ್ಳೆಗಳು ಹೊರಬೀಳುವುದು ಇದರ ಲಕ್ಷಣಗಳು. ಅಲ್ಟ್ರಾಸೌಂಡ್ ಪರೀಕ್ಷೆಯಿಂದ ಇದು ಪತ್ತೆಯಾಗುತ್ತದೆ.

ಗರ್ಭವನ್ನು ತೆಗೆದ ಮೇಲೆ ಪೂರ್ಣ ಮೋಲಾರ್ ಪ್ರಕರಣಗಳ ಪೈಕಿ ಶೇ. 15ರಿಂದ 20ರಷ್ಟರಲ್ಲಿ ರೋಗ ಉಳಿದು ಔಷಧ ಚಿಕಿತ್ಸೆ ಬೇಕಾಗುತ್ತದೆ. ಯಾರಿಗೆ ಬೇಕು, ಯಾರಿಗೆ ಬೇಡ ಎಂಬುದನ್ನು ಹೇಳುವುದು ಎಚ್‌ಸಿಜಿ ರಕ್ತ ಪರೀಕ್ಷೆ ಮಾತ್ರ. ಮೊದಲು ವಾರಕ್ಕೊಮ್ಮೆ ಅಥವಾ ಎರಡು ವಾರಗಳಿಗೊಮ್ಮೆ, ಸಹಜ ಮಟ್ಟಕ್ಕೆ ಇಳಿದ ಮೇಲೆ ವೈದ್ಯರು ಸೂಚಿಸಿದ ಅವಧಿಯವರೆಗೆ ತಿಂಗಳಿಗೊಮ್ಮೆ ಇದನ್ನು ಮಾಡಿಸಬೇಕು. ಈ ಅವಧಿಯಲ್ಲಿ ಮತ್ತೆ ಗರ್ಭಿಣಿಯಾದರೆ ಹಾರ್ಮೋನು ಯಾವುದರಿಂದ ಏರಿತೆಂದು ತಿಳಿಯದಾಗುವುದರಿಂದ ಗರ್ಭನಿರೋಧಕ ಕ್ರಮ ಅನುಸರಿಸಬೇಕು. ಆಶಾ ಕಾರ್ಯಕರ್ತೆಯರ ಬಳಿಯಿರುವ ನಿಶ್ಚಯ್ ಪಟ್ಟಿಯು ಹಾರ್ಮೋನು ಇದೆ ಅಥವಾ ಇಲ್ಲ ಎಂದಷ್ಟೇ ತೋರಿಸುತ್ತದೆ, ಪ್ರಮಾಣವನ್ನು ತಿಳಿಸುವುದಿಲ್ಲ. ಆದುದರಿಂದ ಅದು ಈ ಪರೀಕ್ಷೆಗೆ ಬದಲಿಯಲ್ಲ.

ಕಾಫಿ ಕೊಯ್ಲಿಗೆಂದು ಬಂದು ಕೊಯ್ಲು ಮುಗಿದೊಡನೆ ಊರಿಗೆ ಮರಳುವ ಅಥವಾ ಬೇರೆ ತೋಟಕ್ಕೆ ತೆರಳುವ ಮಹಿಳೆಯರಲ್ಲಿ ಈ ಸರಣಿ ಪರೀಕ್ಷೆ ನಡುವೆ ತಪ್ಪಿಹೋಗುವ ಸಂಭವ ಹೆಚ್ಚು. ಮಳೆಗಾಲದಲ್ಲಿ ಕಳಸ ಭಾಗದಿಂದ ಜಿಲ್ಲಾ ಕೇಂದ್ರಕ್ಕೆ ಹೋಗಿಬರುವುದಕ್ಕೆ ಒಂದು ದಿನದ ಕೂಲಿ ಕಳೆದುಕೊಳ್ಳಬೇಕಾಗುತ್ತದೆ. ಆದರೂ ತಪ್ಪಿದ ಒಂದು ಪರೀಕ್ಷೆಯಿಂದ ಕಡಿಮೆ ಅಪಾಯದ ಗುಂಪಿನಲ್ಲಿದ್ದವರು ಹೆಚ್ಚಿನ ಅಪಾಯದ ಗುಂಪಿಗೆ ಸರಿಯಬಹುದು. ಊರು ಬದಲಿಸುವವರು ಹಿಂದಿನ ಎಲ್ಲ ವರದಿಗಳನ್ನು ತಾಯಿ ಕಾರ್ಡ್‌ನೊಂದಿಗೆ ಕೊಂಡೊಯ್ದು, ಹೋದ ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ತೋರಿಸಬೇಕು. ಹೆರಿಗೆ ಅಥವಾ ಗರ್ಭಪಾತದ ನಂತರ ರಕ್ತಸ್ರಾವ ವಾರಗಟ್ಟಲೆ ನಿಲ್ಲದಿದ್ದರೆ, ಅಥವಾ ಕೆಮ್ಮಿನಲ್ಲಿ ರಕ್ತ ಕಂಡರೆ ತಡಮಾಡಬಾರದು. ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಯು ರಾಜ್ಯದ ಸರ್ಕಾರಿ ಕ್ಯಾನ್ಸರ್ ಆಸ್ಪತ್ರೆಯಾಗಿದ್ದು, ಬಡತನ ರೇಖೆಗಿಂತ ಕೆಳಗಿರುವ ಕುಟುಂಬಗಳು ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಡಿ ಕ್ಯಾನ್ಸರ್ ಚಿಕಿತ್ಸೆ ಪಡೆಯಬಹುದು.

ಮೆಥೋಟ್ರೆಕ್ಸೇಟ್ ಪಡೆಯುತ್ತಿರುವವರು ಮನೆಯಲ್ಲಿರುವ ಫೋಲಿಕ್ ಆಮ್ಲದ ಮಾತ್ರೆಯನ್ನು ವೈದ್ಯರಿಗೆ ತಿಳಿಸದೆ ಸೇವಿಸಬಾರದು. ಬಾಯಿಹುಣ್ಣು, ರಕ್ತಕಣಗಳ ಇಳಿಕೆ ಮೊದಲಾದ ದುಷ್ಪರಿಣಾಮಗಳನ್ನು ತಡೆಯಲು ಫೋಲಿನಿಕ್ ಆಮ್ಲವೆಂಬ ಬೇರೊಂದು ರೂಪವನ್ನು ವೈದ್ಯರೇ ಲೆಕ್ಕ ಹಾಕಿ ನಿಗದಿತ ವೇಳೆಗೆ ನೀಡುತ್ತಾರೆ.

ಗೌರವಗಳು

ಸುಬ್ಬರಾವ್ ಅವರಿಗೆ ನೊಬೆಲ್ ಪ್ರಶಸ್ತಿ ದೊರೆಯಲಿಲ್ಲ. ತಮ್ಮ ಪ್ರಯೋಗಾಲಯದ ಯಶಸ್ಸನ್ನು ಸಹೋದ್ಯೋಗಿಗಳ ಹೆಸರಿಗೆ ಬಿಟ್ಟು ತಾವು ಹಿಂದೆ ನಿಲ್ಲುವುದು ಅವರ ಸ್ವಭಾವವಾಗಿತ್ತು. 1953ರಲ್ಲಿ ಶಿಲೀಂಧ್ರಗಳ ಒಂದು ಕುಲಕ್ಕೆ ಅವರ ನೆನಪಿನಲ್ಲಿ ಸುಬ್ಬರೋಮೈಸಿಸ್ ಎಂದು ಹೆಸರಿಡಲಾಯಿತು. ಜನ್ಮ ಶತಮಾನೋತ್ಸವದ ವರ್ಷವಾದ 1995ರಲ್ಲಿ ಭಾರತೀಯ ಅಂಚೆ ಇಲಾಖೆಯು ಅವರ ಭಾವಚಿತ್ರವಿರುವ ಅಂಚೆಚೀಟಿಯನ್ನು ಹೊರತಂದಿತು.